ಸಾವಿರದ ಇಪ್ಪತ್ತನಾಲ್ಕು ಕೊಡ

ಮೊದಲು ಆ ದೊಡ್ಡ ಗುಂಡಿ ತಗ್ಗಿಸು, ಯಾಗ್ನಾ.
ಇನ್ನೂ ತಗ್ಗಿಸು.
ಇವೆಲ್ಲ ಗಿಟಾರಿಗೆಂದು ಹುಟ್ಟಿದ ಪೆಡಲ್ಲು,
ತಂತಿಯ ಪಿಸುಮಾತಿಗೆ ಕಿವಿಗೊಟ್ಟು ಅಭ್ಯಾಸ.
ನಿನ್ನ ಸಿಂಥಸೈಜರೋ,
ಬಾಗಿಲು ತೆಗೆಯುವ ಮೊದಲೇ ಕೂಗುತ್ತ ಬರುವ ನೆಂಟ.
ಸ್ವರ ಒಡೆದು ಬಂದರೆ
ಪೆಡಲ್ಲನ್ನು ಬಯ್ಯಬೇಡ.

ಟವೆಲಿನಲ್ಲಿ ಸುತ್ತಿ, ಟ್ರ್ಯಾಮಿನಲ್ಲಿ ಮಡಿಲ ಮೇಲಿಟ್ಟು
ಜ್ವರ ಬಂದ ಕೂಸಿನ ಹಾಗೆ ತಂದಿದ್ದೀಯ,
ಮುಟ್ಟಿದರೆ ಮೈಯೆಲ್ಲ ತಣ್ಣಗೆ.
ಹತ್ತು ನಿಮಿಷ ಕೂರಲಿ.
ಬೆಚ್ಚಗಾಗುವ ತನಕ ಅದಕ್ಕೆ ಶ್ರುತಿ ನಿಲ್ಲದು,
ನನಗೂ ಅಷ್ಟೆ. ಚಹಾ ಇದೆ.

ಏನೆಂದೆ? ಸ್ವರ ಒಣಗಿದೆ, ಏನಾದರೂ ಕೊಡಿ?
ಬಂದವರೆಲ್ಲ ಹೇಳುವುದು ಇದನ್ನೇ,
ನಾನೇನು ಗಂಟಲ ವೈದ್ಯನೇ?

ತಗೋ, ಇದು ರಿವರ್ಬ್. ತಿರುಗಿಸು.
ಕೇಳಿತಾ, ಸುತ್ತ ಒಂದು ಚರ್ಚು ಎದ್ದಿತು.
ಇನ್ನಷ್ಟು ತಿರುಗಿಸಿದೆ,
ಈಗ ಬರೀ ಚರ್ಚು, ಹಾಡುವವರು ಇಲ್ಲ.
ನಿನ್ನ ಮಂದ್ರ ಎಲ್ಲಿ ಹೋಯಿತು, ಹುಡುಕು ನೋಡೋಣ:
ಹೊಳೆಯಲ್ಲಿ ಹುಣಸೆ ತೊಳೆದ ಹಾಗಾಯಿತು.
ಸೆವೆರಿನ್ ಅಂತ ಒಬ್ಬ, ಮೂರು ರಿವರ್ಬು ಸಾಲಾಗಿ ಜೋಡಿಸಿಕೊಂಡಿದ್ದಾನೆ.
ಸೋಮವಾರ ನುಡಿಸಿದ್ದು ಏನೆಂದು
ಬುಧವಾರ ತಿಳಿಯುತ್ತದಂತೆ ಅವನಿಗೆ.

ಇದು ಫೇಸರ್. ಬೇಡ.
ನಿನ್ನ ಫಿಲ್ಟರೇ ದಿನವಿಡೀ ಬಾಯಿ ತೆರೆದು ಮುಚ್ಚುತ್ತದೆ,
ಒಂದು ಒಲೆಗೆ ಇಬ್ಬರು ಯಜಮಾನಿಯರು ಯಾಕೆ?
ಆ ಕಿತ್ತಳೆ ಬಣ್ಣದ್ದು ಸ್ವರ ಸೀಳುವ ಪೆಟ್ಟಿಗೆ;
ಕೆಳಗಿನದನ್ನೆಲ್ಲ ನುಂಗಿ ನಡುವನ್ನು ಉಗುಳುತ್ತದೆ.
ಗಿಟಾರಿಗೆ ಆ ನೆಲಮಾಳಿಗೆಯೇ ಇಲ್ಲ,
ಪಾಪ, ಇದಕ್ಕೇನು ಗೊತ್ತು.

ಯಾವುದು, ಆ ನೀಲಿಯದಾ? ಮೂಲೆ ನೆಗ್ಗಿದ್ದು?
ಅದನ್ನು ಯಾರೂ ಕೇಳುವುದಿಲ್ಲ.
ಇರು, ತಿರುಪು ಬಿಚ್ಚಿ ತೋರಿಸುತ್ತೇನೆ.
ಈ ಕರೀ ಜೀರುಂಡೆಯಂಥ ಚಿಪ್ಪಿನೊಳಗೆ
ಸಾವಿರದ ಇಪ್ಪತ್ತನಾಲ್ಕು ಕೊಡ.
ಹಿಡಿದವರು ಕಾಣರು, ಕೈ ಮಾತ್ರ ಅಂದುಕೋ.
ನಿನ್ನ ಸ್ವರದ ಒಂದು ತುಣುಕು ಮೊದಲ ಕೊಡಕ್ಕೆ,
ಅಲ್ಲಿಂದ ಪಕ್ಕದ್ದಕ್ಕೆ, ಪಕ್ಕದ್ದಕ್ಕೆ,
ಗಡಿಯಾರ ಟಿಕ್ಕೆಂದಾಗಲೆಲ್ಲ ಒಂದೊಂದು ಕೈ ದಾಟಿ
ತುಸು ತುಸು ತುಳುಕಿ
ಕೊನೆಯ ಕೊಡದಿಂದ ಸುರಿಯುವುದು ನಿನ್ನದೇ,
ಹೊಳಪು ಮಾತ್ರ ದಾರಿಯಲ್ಲಿ ಚೆಲ್ಲಿದ್ದು.

ಇದೇ ಕಟ್ಟಡ ಹತ್ತಿ ಗಿರಣಿಯಾಗಿತ್ತು.
ಮೂರನೆಯ ಅಂತಸ್ತಿನಲ್ಲಿ ನನ್ನಜ್ಜಿ ನೇಯುತ್ತಿದ್ದಳು.
ಬೆಂಕಿ ಬಿದ್ದ ರಾತ್ರಿ ಅಂಗಳದ ಕೊಳದಿಂದ ಮೆಟ್ಟಿಲುದ್ದಕ್ಕೂ
ಕೈಯಿಂದ ಕೈಗೆ ಬಕೆಟ್ಟು.
ವೂಚ್ ಅಂದರೆ ದೋಣಿ, ನೋಡು, ಈ ಊರಿನ ಹೆಸರು;
ಇದ್ದ ಹೊಳೆಗಳನ್ನೆಲ್ಲ ಹೂತು ಮೇಲೆ ರಸ್ತೆ ಎಳೆದ ಊರು.
ಮೇಲೆ ತಲುಪುವಷ್ಟರಲ್ಲಿ ಬಕೆಟ್ಟು ಅರ್ಧ.
ಆಮೇಲೆ ಬೆಂಕಿ ಆರಿತಾ ಅಜ್ಜಿ, ಎಂದು ಕೇಳುತ್ತಿದ್ದೆ,
ಬೆನ್ನ ಹಿಂದೆ ಕೂತು, ಅವಳ ಜಡೆ ಎಳೆಯುತ್ತ.
ಮಗ್ಗದ ಸದ್ದಿಗೆ ಅವಳ ಕಿವಿ ಹೋಗಿತ್ತು,
ತುಟಿ ಕಂಡರೆ ಮಾತ್ರ ಮಾತು.
ಎದುರಿಗೆ ಬಂದು ಯಾವತ್ತೂ ಕೇಳಲಿಲ್ಲ ನಾನು.

ಇರಲಿ. ಈಗ ಬೆಚ್ಚಗಾಗಿದೆ.
ಒಂದೇ ಸ್ವರ ಒತ್ತು. ಕೈ ತೆಗೆ.
ಒಂದು. ಮತ್ತೊಂದು.
ಮೂರನೆಯದು ಮಂಜು ಹಿಡಿದ ಗಾಜು,
ನಾಲ್ಕನೆಯದಕ್ಕೆ ಯಾರೋ ಕಂಬಳಿ ಹೊದಿಸಿದರು.
ಈ ಗುಂಡಿ ಮೆಲ್ಲಗೆ, ಕೂದಲೆಳೆಯಷ್ಟು—
ಸಾಕು, ಸಾಕು!
ತನ್ನ ಕೂಗು ತಾನೇ ತಿಂದು ಊದಿಕೊಳ್ಳುತ್ತದೆ ಅದು.
ಕೈ ಬಿಟ್ಟೆಯಾ?
ಬಿಡು. ಚೆನ್ನಾಗಿದೆ.

ಹಿಂದೆ ಸುಯ್ ಅನ್ನುತ್ತದೆ, ಹೌದು,
ಅದಕ್ಕೆ ಬೆಲೆ ಹಾಕಿಲ್ಲ.
ನೂರ ಎಂಬತ್ತು ಝ್ಲೋಟಿ; ಇದ್ದಷ್ಟು ಕೊಡು, ಉಳಿದದ್ದು ಮುಂದಿನ ತಿಂಗಳು.
ಒಂಬತ್ತು ವೋಲ್ಟು ನೆನಪಿಡು, ಮೈನಸ್ಸು ಒಳಗೆ, ಪ್ಲಸ್ಸು ಹೊರಗೆ.
ಅದಲುಬದಲಾದರೆ
ಅಷ್ಟೂ ಕೈ ಒಂದೇ ಏಟಿಗೆ ಕೊಡ ಬಿಡುತ್ತವೆ.

ಟವೆಲು ಮರೆತೆ, ತಗೋ.
ಇಳಿಯುವಾಗ ಹುಷಾರು,
ಮೂರನೆಯ ಮೆಟ್ಟಿಲು ಅಲುಗುತ್ತದೆ.